ನಡುವೆ ಖಾಲಿ ಬಿಟ್ಟ ಸೀಟು

ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ ರೂಪಾಲಿ. ಆದರೂ ವಿಮಾನದ ಸೀಟುಗಳ ವಿಷಯದಲ್ಲಿ ವಳಸಂಗದಲ್ಲಷ್ಟೇ ಅಲ್ಲ, ಇಡೀ ಜತ್ತ ತಾಲೂಕಿನಲ್ಲೇ ಆಕೆಯನ್ನು ಮೀರಿಸುವವರು ಇರಲಿಲ್ಲ. ರೆಕ್ಕೆಯ ಹತ್ತಿರ ಕುಲುಕಾಟ ಕಡಿಮೆ. ಕಟ್ಟಕಡೆಯ ಸಾಲಿನ ಸೀಟು ಹಿಂದಕ್ಕೆ ಬಾಗುವುದಿಲ್ಲ. ಸಂಡಾಸದ ಪಕ್ಕ ಕೂತರೆ ದಾರಿಯುದ್ದಕ್ಕೂ ಜನ ಮೈಮೇಲೆ ಬಂದು ನಿಂತಿರುತ್ತಾರೆ. ಕೂಸುಗಳ ತೊಟ್ಟಿಲು ಸಿಕ್ಕಿಸುವ ಗೋಡೆಯ ಎದುರಿನ ಸಾಲು ಕಾಲಿಗೆ ಸುಖ, ಕಿವಿಗೆ ಶಿಕ್ಷೆ. ಇದೆಲ್ಲ ಫೋನಿನಲ್ಲಿ ಮರಾಠಿ, ಹಿಂದಿ ವೀಡಿಯೊ ನೋಡಿ ಕಲಿತ ವಿದ್ಯೆ. ರೊಟ್ಟಿ ಬಡಿಯುವಾಗಲೂ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟುಕೊಂಡು ನೋಡುತ್ತಿದ್ದಳು. ರೊಟ್ಟಿ ಸೀದುಹೋಗುತ್ತಿದ್ದವು.

"ನೀ ಹೊಂಟಿದ್ದು ಕೌದಿ ತೋರಸಾಕೊ, ವಿಮಾನ ನಡಸಾಕೊ?" ಎಂದು ಗಂಡ ಮಹಾಂತ ಕೆಣಕುತ್ತಿದ್ದ.

"ಒಂಬತ್ತ ತಾಸು ಕುಂದ್ರಬೇಕ್ರಿ. ಸೀಟು ಕೆಟ್ಟರ ಎಲ್ಲಾ ಕೆಟ್ಟಂಗ," ಎನ್ನುತ್ತಿದ್ದಳು ಆಕೆ. ಅದು ವೀಡಿಯೊದವನ ಮಾತು. ಆದರೆ ಆಕೆಯ ಬಾಯಲ್ಲಿ ಸ್ವಂತದ್ದರಂತೆಯೇ ಕೇಳುತ್ತಿತ್ತು.

ಹೊರಟಿದ್ದು ಇಂಗ್ಲೆಂಡಿಗೆ. ಅಲ್ಲಿಯ ಯಾವುದೋ ಊರಿನಲ್ಲಿ ಕೈಹೊಲಿಗೆಯ ದುಪ್ಪಟಿಗಳ ದೊಡ್ಡ ಪ್ರದರ್ಶನ. ವಳಸಂಗದ ಹೆಂಗಸರ ಬಚತ ಗಟ, ಅಂದರೆ ಉಳಿತಾಯ ಸಂಘ, ಹೊಲಿಯುವ ಕೌದಿಗಳು ಪುಣೆಯ ಒಬ್ಬ ಹೆಣ್ಣುಮಗಳ ಮೂಲಕ ಅಲ್ಲಿಯವರ ಕಣ್ಣಿಗೆ ಬಿದ್ದು, ಮೂವರು ಬಂದು ಜನರೆದುರು ಕೂತು ಹೊಲಿದು ತೋರಿಸಬೇಕೆಂದು ಕರೆ ಬಂದಿತ್ತು. ಟಿಕೆಟ್ಟು ಅವರದೇ. ಸೀಟು ಮಾತ್ರ ನೀವೇ ಆರಿಸಿಕೊಳ್ಳಿ ಎಂದಿದ್ದರು.

ಮೂವರು ಯಾರು ಎಂಬುದರಲ್ಲಿ ತಕರಾರು ಇರಲಿಲ್ಲ. ಗಟದ ಅಧ್ಯಕ್ಷೆ ರೂಪಾಲಿ ಒಬ್ಬಳು. ಆಕೆಯ ಅತ್ತೆ ಸಾವಿತ್ರವ್ವ ಇನ್ನೊಬ್ಬಳು. ಯಾವ ಹಳೇ ಸೀರೆಯ ಪಕ್ಕ ಯಾವ ಹಳೇ ಧೋತರ ಬರಬೇಕು ಎಂಬುದನ್ನು ಆಕೆಯ ಹಾಗೆ ಹೇಳುವವರು ಯಾರೂ ಇಲ್ಲ. ಮೂರನೆಯವಳು ಊರಿನ ದಲಿತ ಕೇರಿಯಾದ ಬೌದ್ಧ ವಾಡಾದ ಹೌಸಾಬಾಯಿ. ಕೌದಿಯ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆಯನ್ನು ಒಂದು ಸುಕ್ಕಿಲ್ಲದೆ ತಂದು ಮುಟ್ಟಿಸುವ ಕೈ ಆಕೆಯದು.

ಸಾವಿತ್ರವ್ವ ಮತ್ತು ಹೌಸಾಬಾಯಿ ಒಂದೇ ವಾರಿಗೆಯವರು. ರೂಪಾಲಿಯ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕೌದಿ ಹಾಸಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರೆ, ಊರ ಸುದ್ದಿಯೆಲ್ಲ ಆ ಕೌದಿಯೊಳಗೇ ಹೊಲಿದುಹೋಗುತ್ತಿತ್ತು. ಹೌಸಾಬಾಯಿಗೆ ಚಹಾ ಕೊಡುವ ಕಪ್ಪು ಹಿಂದೆ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಸೊಸೆಯಾಗಿ ಬಂದ ರೂಪಾಲಿ ಅದನ್ನು ಕಂಡು ಸಿಟ್ಟಾಗಿ ಎತ್ತಿ ಒಗೆದಿದ್ದಳು. ಜತ್ತದಿಂದ ಕಾಗದದ ಕಪ್ಪುಗಳನ್ನು ತಂದು, ಕೌದಿಗೆ ಬರುವ ಎಲ್ಲ ಹೆಂಗಸರಿಗೂ ಅದರಲ್ಲೇ ಚಹಾ ಕೊಡುವ ಪದ್ಧತಿ ಮಾಡಿದ್ದಳು. ಎಲ್ಲರಿಗೂ ಒಂದೇ! ಇದು ತಾನು ಈ ಮನೆಯಲ್ಲಿ ಮಾಡಿದ ಕ್ರಾಂತಿ ಎಂದು ಆಕೆಗೆ ಹೆಮ್ಮೆಯಿತ್ತು. ಮನೆಯವರು ಮಾತ್ರ ಯಾಕೆ ಇನ್ನೂ ಸ್ಟೀಲಿನ ಲೋಟದಲ್ಲೇ ಕುಡಿಯುತ್ತಾರೆ ಎಂದು ಆಕೆಯನ್ನು ಯಾರೂ ಕೇಳಿರಲಿಲ್ಲ, ಆಕೆ ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ. "ನನಗ ರೀ ಅನಬ್ಯಾಡ ಮಾವಶಿ, ನಾ ನಿನ್ನ ಮಗಳ ಇದ್ದಂಗ," ಎಂದು ಹಟ ಹಿಡಿದು ಹೌಸಾಬಾಯಿಯ ಬಾಯಿಂದ ಏಕವಚನ ಹೊರಡಿಸಿದ್ದೂ ಆಕೆಯೇ. ಮಹಿಳಾ ದಿನದ ಭಾಷಣದಲ್ಲಿ "ಒಂದೇ ಕೌದಿಯ ತುಂಡುಗಳು ನಾವು" ಎಂದು ಹೇಳಿ ಗ್ರಾಮಸೇವಕರಿಂದ ಶಾಬಾಸ್ಕಿ ಪಡೆದವಳು.

ಸೀಟು ಆರಿಸಲು ಅವಕಾಶ ಸಿಕ್ಕ ದಿನ ಮಧ್ಯಾಹ್ನ ಊಟ ಮುಗಿಸಿ ರೂಪಾಲಿ ಪಡಸಾಲೆಯಲ್ಲಿ ಕೂತಳು. ಫೋನಿನಲ್ಲಿ ವಿಮಾನದ ಒಳಗಿನ ನಕಾಶೆ ತೆರೆಯಿತು. ಮೂರು ಸೀಟು, ಹಾದಿ, ಮತ್ತೆ ಮೂರು, ಹಾದಿ, ಮತ್ತೆ ಮೂರು. ಖಾಲಿ ಇದ್ದವು ಹಸಿರು, ಹೋದವು ಬೂದು. ರೆಕ್ಕೆಗಿಂತ ತುಸು ಮುಂದೆ, ಎಡಗಡೆಗೆ, ಮೂರಕ್ಕೆ ಮೂರೂ ಹಸಿರಾಗಿದ್ದ ಒಂದು ಸಾಲು ಸಿಕ್ಕಿತು. ಎರಡು ವಾರದ ಅಭ್ಯಾಸ ಸಾರ್ಥಕವಾಯಿತೆಂದು ಆಕೆಗೆ ಹಿಗ್ಗಾಯಿತು. ಅತ್ತೆಗೆ ಮೊಣಕಾಲು ನೋವು, ಮೇಲಿಂದ ಮೇಲೆ ಏಳಬೇಕು, ಆದ್ದರಿಂದ ಹಾದಿಯ ಬದಿ. ತನಗೆ ಕಿಟಕಿ, ಯಾಕೆಂದರೆ ಇಷ್ಟೆಲ್ಲ ಓದಿದವಳು ತಾನೇ. ನಡುವೆ ಹೌಸಾಬಾಯಿ. ಇಬ್ಬರ ನಡುವೆ ಬೆಚ್ಚಗೆ ಇರುತ್ತಾಳೆ, ಪಾಪ, ಹಳ್ಳಿ ಹೆಣ್ಣುಮಗಳು.

"ನೋಡ್ರಿ ಅತ್ತಿ, ಇಲ್ಲೆ ನೀವು. ಇಲ್ಲೆ ಹೌಸಾ ಮಾವಶಿ. ಇಲ್ಲೆ ನಾ."

ಸಾವಿತ್ರವ್ವ ಚಷ್ಮಾ ಏರಿಸಿಕೊಂಡು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಊಟ ಎಲ್ಲಿ ಹಾಕ್ತಾರ?"

"ಕುಂತಲ್ಲೇರಿ. ಮುಂದಿನ ಸೀಟಿನ ಬೆನ್ನಿಂದ ಸಣ್ಣ ಹಲಗಿ ಇಳೀತದ. ಅದರ ಮ್ಯಾಲ ತಾಟು ಇಡ್ತಾರ."

"ಮೂರೂ ಮಂದಿಗೆ ಜೋಡಿಗೇ?"

"ಹೌದ್ರಿ."

"ಅಂದ್ರ ಪಂಗ್ತಿನ ಆತಲ್ಲ," ಎಂದಳು ಸಾವಿತ್ರವ್ವ.

ರೂಪಾಲಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು. ಮದುವೆ ಮನೆಯಲ್ಲಿ ಎಲೆ ಹಾಕಿ ಸಾಲಾಗಿ ಕೂರಿಸುವ ಪಂಗ್ತಿಗೂ, ಆಕಾಶದಲ್ಲಿ ಹಾರುವ ಕಬ್ಬಿಣದ ಡಬ್ಬಿಯ ಸೀಟಿನ ಸಾಲಿಗೂ ಏನು ಸಂಬಂಧ! ಆದರೆ ಸಾವಿತ್ರವ್ವ ನಗುತ್ತಿರಲಿಲ್ಲ.

"ಹೌಸಾ ಭಾಳ ಚಲೋ ಹೆಣಮಗಳು. ನಾ ಆಕಿಗೆ ಏನೂ ಅನ್ನಂಗಿಲ್ಲ. ಕೌದಿಗೆ ಕುಂತಾಗ ಎಂದಾರ ಏನಾರ ಅಂದೀನೇನು? ಅದು ಕೆಲಸ. ಒಂದ ಪಂಗ್ತಿಗೆ ಕುಂತು ಉಣ್ಣೂದು ಬ್ಯಾರೆ. ನನಗ ತುತ್ತು ಇಳ್ಯಂಗಿಲ್ಲ ರೂಪಾ. ಸುಳ್ಳ ಯಾಕ ಹೇಳ್ಲಿ?"

ಮೊಣಕಾಲು ನೋಯುತ್ತದೆ ಎಂದು ಹೇಳುವ ದನಿಯಲ್ಲೇ ಆಕೆ ಇದನ್ನೂ ಹೇಳಿದಳು. ದ್ವೇಷ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದಕ್ಕೇ ಅದಕ್ಕೆ ಎದುರಾಡುವುದು ಕಷ್ಟವಾಯಿತು. ಹಾಗೆ ನೋಡಿದರೆ ಎದುರಾಡಲು ಮಾತುಗಳು ಬೇಕಾದಷ್ಟಿದ್ದವು. ಮಹಿಳಾ ದಿನದ ಭಾಷಣವೇ ಇತ್ತು. ರೂಪಾಲಿ ಅದರಲ್ಲಿ ಒಂದು ಸಾಲನ್ನೂ ತೆಗೆಯಲಿಲ್ಲ.

ಬದಲಿಗೆ, ತಾನೇ ನಡುವೆ ಕೂತರಾಯಿತು ಎಂದುಕೊಂಡಳು. ಅತ್ತೆ ಆ ಕಡೆ, ಹೌಸಾ ಮಾವಶಿ ಕಿಟಕಿಗೆ, ನಡುವೆ ತಾನು ಗೋಡೆಯ ಹಾಗೆ. ಅತ್ತೆಯನ್ನು ಹೇಗೋ ಒಪ್ಪಿಸಬಹುದು. ಬೆರಳು ನಡುವಿನ ಹಸಿರು ಚೌಕದ ಮೇಲೆ ಹೋಯಿತು. ಅಲ್ಲೇ ನಿಂತಿತು. ಒಂಬತ್ತು ತಾಸು. ನಿದ್ದೆ ಬಂದಾಗ ಮಾವಶಿಯ ತಲೆ ತನ್ನ ಹೆಗಲ ಮೇಲೆ ವಾಲುತ್ತದೆ. ತನ್ನ ತಾಟಿಗೆ ಆಕೆಯ ತಾಟು ತಾಗುತ್ತದೆ. ಆಕೆ ಅರ್ಧ ಮುರಿದ ರೊಟ್ಟಿಯನ್ನು ಪ್ರೀತಿಯಿಂದ ಇತ್ತ ಚಾಚಿ, ತಗೋ ತಾಯಿ, ಎಂದರೆ?

ಆಗ ರೂಪಾಲಿ ಬೆರಳು ಹಿಂತೆಗೆದಳು. ನಡುವಿನ ಸೀಟು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಯಾರೂ ತೆಗೆದುಕೊಳ್ಳಬಾರದು ಎಂದು ವೀಡಿಯೊದಲ್ಲಿ ಹೇಳಿದ್ದಾರಲ್ಲ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಅದೇ ಕೆಟ್ಟ ಸೀಟನ್ನು ಈಗಷ್ಟೇ ಹೌಸಾಬಾಯಿಗೆ ಹಂಚಿದ್ದಳು, ಆಗ ಮಾತ್ರ ಅದು ಬೆಚ್ಚಗಿನ ಜಾಗವಾಗಿತ್ತು. ಇದು ಆಕೆಗೆ ಆ ಗಳಿಗೆಯಲ್ಲೇ ಹೊಳೆಯಿತು, ಹೊಳೆದದ್ದಕ್ಕೆ ಮೈ ಬಿಸಿಯಾಯಿತು. ಆದರೂ ಕೈ ತನ್ನ ಕೆಲಸ ಮುಗಿಸಿತು. ರೆಕ್ಕೆ ದಾಟಿ ಎಷ್ಟೋ ಸಾಲು ಹಿಂದೆ, ಹಾದಿಬದಿ ಮಾತ್ರ ಯಾರೋ ಹಿಡಿದಿದ್ದ ಸಾಲಿನಲ್ಲಿ, ಒಂದು ಕಿಟಕಿ ಸೀಟು ಹಸಿರಾಗಿತ್ತು. ಅದು ಹೌಸಾಬಾಯಿಗೆ. ಇತ್ತ ಮುಂದಿನ ಸಾಲಿನಲ್ಲಿ ಕಿಟಕಿ ತನಗೆ, ಹಾದಿಬದಿ ಅತ್ತೆಗೆ, ನಡುವಿನದು ಖಾಲಿ. ಜೋಡಿಯಾಗಿ ಹೋಗುವವರು ಹೀಗೆ ಎರಡು ತುದಿ ಹಿಡಿದು ನಡುವೆ ಬಿಟ್ಟರೆ, ಆ ಒಂಟಿ ಸೀಟನ್ನು ಯಾರೂ ಮುಟ್ಟುವುದಿಲ್ಲ, ಕೈಕಾಲು ಚಾಚಲು ಜಾಗವಾಗುತ್ತದೆ ಎಂಬ ಯುಕ್ತಿಯನ್ನೂ ಆಕೆ ವೀಡಿಯೊದಲ್ಲೇ ಕಲಿತಿದ್ದಳು.

"ಹೌಸಾ ಮಾವಶಿಗೆ ಖಿಡಕಿ ಕೊಟ್ಟೀನ್ರಿ, ಹಿಂದ," ಎಂದಳು.

"ಖಿಡಕಿ ಅಂದ್ರ ಚಲೋದ ಅಲ್ಲ? ಆಕಿಗೆ ಖುಷಿ ಆಗ್ತದ ಬಿಡು," ಎಂದು ಸಾವಿತ್ರವ್ವ ಚಷ್ಮಾ ತೆಗೆದಿಟ್ಟು ನೆಮ್ಮದಿಯಿಂದ ಅಡ್ಡಾದಳು.

ಮರುದಿನ ಬೇವಿನ ಕೆಳಗೆ ರೂಪಾಲಿ ಸುದ್ದಿ ಹೇಳಿದಳು. "ಮಾವಶಿ, ನಿನಗ ಖಿಡಕಿ ಸೀಟು ತಗೊಂಡೀನಿ. ಎಲ್ಲಾಕಿಂತ ಚಲೋ ಸೀಟು." ಎಷ್ಟು ಸಾಲು ಹಿಂದೆ ಎಂಬುದನ್ನು ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಿದ್ದಳು, ಆದರೆ ಅಷ್ಟರಲ್ಲಿ ಹೌಸಾಬಾಯಿ ಸೂಜಿ ಕೆಳಗಿಟ್ಟು ಎರಡೂ ಕೈಯಿಂದ ಆಕೆಯ ಮುಖ ಸವರಿ ನೆಟಿಗೆ ಮುರಿದಳು.

"ನನಗ ಖಿಡಕಿ! ಹಂಗಾರ ನೀ ನಡುವ ಕುಂದ್ರಾಕೀನ? ಸಾವಿತ್ರಕ್ಕಗ ಕಾಲ ನೋವು, ಆಕಿ ಕಡೀಕ ಬೇಕು. ನೀ ಇಕ್ಕಟ್ಟಿನ್ಯಾಗ ಕುಂತು ನನಗ ಖಿಡಕಿ ಕೊಟ್ಟಿ?"

ರೂಪಾಲಿ ನಕ್ಕಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಸಾವಿತ್ರವ್ವ ಬಣ್ಣದ ತುಂಡು ಹುಡುಕುವ ನೆಪದಲ್ಲಿ ಗಂಟಿನೊಳಗೆ ಮುಖ ಹಾಕಿದಳು.

ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು ಅಲ್ಲಿಂದಲೇ ಶುರುವಾಯಿತು. ಹೌಸಾಬಾಯಿ ವಾಡಾದಲ್ಲಿ ಹೇಳಿದಳು. ಜತ್ತಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದಳು. ಮುಚ್ಚಂಡಿಯಲ್ಲಿದ್ದ ತಂಗಿಯ ಮನೆಗೆ ಹೋದವಳು ಅಲ್ಲೂ ಹೇಳಿ ಬಂದಳು. ಅಂಗಡಿಗೆ ಹೋದರೆ ರೂಪಾಲಿಯನ್ನು ಜನ ಬೇರೆ ಕಣ್ಣಿನಿಂದ ನೋಡತೊಡಗಿದರು. ವಾಡಾದ ಬುದ್ಧವಿಹಾರದ ಕಡೆಯಿಂದ ಬರುತ್ತಿದ್ದ ಮುದುಕನೊಬ್ಬ ನಿಂತು ಕೈಮುಗಿದ. ಆ ಕೈಮುಗಿತ ತಪ್ಪಿಸಿಕೊಳ್ಳಲು ಆಕೆ ಎರಡು ದಿನ ಆ ದಾರಿ ಬಿಟ್ಟು ಕೆರೆಯ ಬದಿಯಿಂದ ಸುತ್ತಿ ಹೋದಳು.

ಒಂದು ಸಂಜೆ ಹೌಸಾಬಾಯಿ ಕುತ್ತಿಗೆಗೆ ಸುತ್ತಿಕೊಳ್ಳುವ ಸಣ್ಣ ದಿಂಬೊಂದನ್ನು ಹೊಲಿದು ತಂದಳು. ಹಸಿರು ಇಳಕಲ್ ಸೀರೆಯ ಸೆರಗು, ಒಳಗೆ ಹತ್ತಿ, ಅಂಚಿಗೆ ಕೌದಿಯ ಹೊಲಿಗೆ. "ನಡುವ ಕುಂದ್ರಾಕಿಗೆ ತಲಿ ಆನಸಾಕ ಏನೂ ಇರಂಗಿಲ್ಲಂತ. ಮೊಮ್ಮಗಳು ಕರಿಷ್ಮಾ ಹೇಳಿದ್ಳು. ಇದು ನನ್ನ ಮದವಿ ಸೀರಿ, ತಾಯಿ. ಹರದಿತ್ತು, ಸೆರಗು ಚಲೋ ಇತ್ತು." ರೂಪಾಲಿ ಅದನ್ನು ತೆಗೆದುಕೊಂಡಳು. ಒಳಗೆ ಹೋಗಿ ಟ್ರಂಕಿನ ತಳಕ್ಕೆ ತುರುಕಿ, ಟ್ರಂಕಿನ ಮೇಲೆಯೇ ಕೂತು ಅತ್ತಳು. ಅಳುವುದು ಸುಲಭವಿತ್ತು. ಫೋನು ತೆಗೆದು ಎರಡು ಸಲ ಬೆರಳಾಡಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು, ಅದನ್ನು ಮಾತ್ರ ಮಾಡಲಿಲ್ಲ. ತೆಗೆದು ನೋಡಿದಳು, ನಡುವಿನ ಸೀಟು ಹಸಿರಾಗಿಯೇ ಇತ್ತು. ಅತ್ತೆಯೊಡನೆ ಮಾತಾಡಬೇಕು. ನಾಳೆ ಮಾತಾಡೋಣ ಎಂದು ಮುಚ್ಚಿಟ್ಟಳು. ಆಮೇಲೆಯೂ ಹಾಗೆ ಎಷ್ಟೋ ಸಲ ತೆಗೆದಳು, ನೋಡಿದಳು, ಮುಚ್ಚಿದಳು. ಅತ್ತೆಗೆ ಹೆದರುತ್ತೇನೆ ಎಂದು ತನ್ನನ್ನು ನಂಬಿಸಿಕೊಳ್ಳಲು ನೋಡಿದಳು, ನಂಬಿಕೆ ಬರಲಿಲ್ಲ. ಹೆದರಿಕೆ ಅತ್ತೆಯದಲ್ಲ, ಆ ಚಾಚಿದ ರೊಟ್ಟಿಯದು.

ಹೊರಡುವ ಮುಂಚೆ ಊರವರು ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಸತ್ಕಾರ ಇಟ್ಟುಕೊಂಡರು. ಮೂವರಿಗೂ ಶಾಲು, ತೆಂಗಿನಕಾಯಿ. ಸರಪಂಚರ ಮಾತು ಆಯಿತು, ಹೆಡ್‌ಮಾಸ್ತರ ಶ್ರೀಶೈಲಪ್ಪನವರ ಮಾತು ಆಯಿತು. ಸಾವಿತ್ರವ್ವ ಮೈಕು ಬೇಡವೆಂದು ಕೈಯಾಡಿಸಿದಳು. ಹೌಸಾಬಾಯಿ ಎದ್ದು ನಿಂತಾಗ ಹಿಂದಿನ ಬೆಂಚಿನಿಂದ ಆಕೆಯ ಮೊಮ್ಮಗಳು ಕರಿಷ್ಮಾ ಫೋನು ಎತ್ತಿ ವೀಡಿಯೊ ಮಾಡತೊಡಗಿದಳು. ಜತ್ತದ ಕಾಲೇಜಿಗೆ ಹೋಗುವ ಹುಡುಗಿ, ಅಜ್ಜಿಯ ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲ ಓಡಾಟ ಮಾಡಿದವಳು.

"ಜಯಭೀಮ," ಎಂದಳು ಹೌಸಾಬಾಯಿ. "ನನಗ ಭಾಷಣ ಬರಂಗಿಲ್ಲ. ಒಂದ ಮಾತ ಹೇಳಿ ಕುಂದ್ರತೀನಿ. ನನ್ನ ಜಲ್ಮದಾಗ ಎಲ್ಲೆ ಕುಂದ್ರು ಅಂದ್ರ ಅಲ್ಲೆ ಕುಂತಾಕಿ ನಾ. ಮದವಿ ಮನ್ಯಾಗ ಕಡೀಕ. ಕಬ್ಬು ಕಡ್ಯಾಕ ಹೊಂಟ್ರ ಟ್ರ್ಯಾಕ್ಟರದಾಗ ಹಿಂದ, ಗಂಟಿನ ಜೋಡಿ ಗಂಟಾಗಿ. ಇದ ಮೊದಲನೆ ಸಲ ಒಬ್ಬಾಕಿ ನನ್ನ ಸಲುವಾಗಿ ಚಲೋ ಜಾಗಾ ಹುಡುಕ್ಯಾಳ. ತಾ ಇಕ್ಕಟ್ಟಿನ್ಯಾಗ ಕುಂತು ನನಗ ಖಿಡಕಿ ಕೊಟ್ಟಾಳ. ನನಗಲ್ಲ, ನಮ್ಮ ರೂಪಾಲಿತಾಯಿಗೆ ಹೊಡೀರಿ ಚಪ್ಪಾಳಿ."

ಚಪ್ಪಾಳೆ ಬಿತ್ತು. ವಾಡಾದ ಹೆಂಗಸರು ಎದ್ದು ನಿಂತು ಬಡಿದರು. ಹೊದಿಸಿದ ಶಾಲಿನೊಳಗೆ ರೂಪಾಲಿಯ ಮೈ ಬೆವರಿತು. ಇಷ್ಟು ನಾಚಿಕೆ ಆಕೆಗೆ ಎಂದೂ ಆಗಿರಲಿಲ್ಲ, ಬೈಸಿಕೊಂಡಾಗಲೂ ಆಗಿರಲಿಲ್ಲ. ಈಗಲಾದರೂ ಎದ್ದು ಹೇಳಿಬಿಡಬೇಕು ಅನ್ನಿಸಿತು. ಬದಲಿಗೆ ಎದ್ದು ಎಲ್ಲರಿಗೂ ಕೈಮುಗಿದಳು. ಮುಗಿದ ಮೇಲೆ ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ತೆಂಗಿನಕಾಯಿಯನ್ನು ಗಟ್ಟಿಯಾಗಿ ಹಿಡಿದು ಕೂತಳು.

ಕಾರ್ಯಕ್ರಮ ಮುಗಿದು ದೊಡ್ಡವರೆಲ್ಲ ಹೋದ ಮೇಲೆ ಹೆಡ್‌ಮಾಸ್ತರರ ಖೋಲಿಯಲ್ಲಿ ಚಹಾ ಇಟ್ಟಿದ್ದರು. ಒಳಗೆ ಮೂವರು ಪ್ರಯಾಣಿಕರು ಮತ್ತು ಕರಿಷ್ಮಾ. ಬಾಗಿಲ ಆಚೆ ಗಟದ ಹೆಂಗಸರು ಗುಂಪಾಗಿ ನಿಂತು ಬಿಸ್ಕೀಟು ತಿನ್ನುತ್ತಿದ್ದರು. ಹೌಸಾಬಾಯಿ ರೂಪಾಲಿಯ ಹತ್ತಿರ ಕುರ್ಚಿ ಎಳೆದುಕೊಂಡಳು.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ ತಾಯಿ. ಮಂದಿ ಮುಂದ ಖಿಡಕಿ ಖಿಡಕಿ ಅಂದೆ ಖರೆ. ಆದ್ರ ನನಗ ಖಿಡಕಿ ಬ್ಯಾಡ."

"ಯಾಕ ಮಾವಶಿ?"

"ಅಂಜಿಕಿ. ನಿದ್ದಿ ಹತ್ತವಲ್ದು ನನಗ. ಮ್ಯಾಲ ಹೋದ ಮ್ಯಾಲ ಅದು ಕುಲುಕತದಂತ. ಖಿಡಕಿ ಕಡೆ ಬರೇ ಗಾಜು, ಅದರಾಚೆ ಏನೂ ಇಲ್ಲ. ನನ್ನ ನಡುವ ಕುಂಡ್ರಸು. ಈ ಕಡೆ ಸಾವಿತ್ರಕ್ಕನ ಕೈ ಹಿಡೀತೀನಿ, ಆ ಕಡೆ ನಿಂದು. ನೀ ಖಿಡಕಿಗೆ ಹೋಗು. ನಿನಗೂ ನೋಡೂ ಆಸೆ ಇರ್ತದಲ್ಲ, ಸಣ್ಣ ವಯಸ್ಸು."

ಸಾವಿತ್ರವ್ವ ಚಹಾದ ಕಪ್ಪನ್ನು ತುಟಿಗೆ ಒಯ್ದವಳು ಹಾಗೇ ನಿಲ್ಲಿಸಿದಳು. ರೂಪಾಲಿಗೆ ಎಂಥ ಅವಕಾಶ! ಹೂಂ ಎಂದಿದ್ದರೆ ಸಾಕಿತ್ತು. ಆದರೆ ಹೂಂ ಎಂದರೆ 'ಬದಲಿ ಮಾಡ್ತೀನಿ' ಎಂದಂತೆ, ಬದಲಿ ಮಾಡಲು ಹೋದರೆ ಈಗ ಯಾರು ಎಲ್ಲಿದ್ದಾರೆ ಎಂಬುದು ಹೊರಬೀಳುತ್ತದೆ. ಆ ಹೆದರಿಕೆಯಲ್ಲಿ ನಾಲಿಗೆ ತಾನೇ ಮುಂದಾಯಿತು.

"ಒಮ್ಮೆ ಆರಿಸಿದ್ರ ಬದಲಿ ಆಗಂಗಿಲ್ಲ ಮಾವಶಿ. ಲಾಕ್ ಆಗ್ತದ."

"ಆಗ್ತದ್ರಿ ಅಕ್ಕಾ," ಎಂದಳು ಕರಿಷ್ಮಾ, ಸಹಾಯ ಮಾಡುವ ಹುರುಪಿನಲ್ಲಿ. "ಹೊರಡೂಕಿಂತ ಮದಲ ಎಷ್ಟ ಸಲಾನೂ ಬದಲಿ ಮಾಡಬಹುದು. ನೀವು ಕಳಿಸಿದ ಟಿಕೆಟ್ಟು ನನ್ನ ಕಡೆ ಅದ. ತಡೀರಿ, ಲಗೂನ ಮಾಡ್ತೀನಿ."

"ಇರ್ಲಿ ಬಿಡು ಕರಿಷ್ಮಾ, ಮನೀಗೆ ಹೋಗಿ—"

ಅಷ್ಟರಲ್ಲಿ ಹುಡುಗಿಯ ಬೆರಳು ಓಡಿತ್ತು. ನಕಾಶೆ ತೆರೆದುಕೊಂಡಿತು. ಕರಿಷ್ಮಾಳ ಹುಬ್ಬು ಗಂಟಾಯಿತು. ಪರದೆಯನ್ನು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು, ಮತ್ತೆ ಮೇಲೆ.

"ಆಯಿ, ನಿಂದು ಇವರ ಸಾಲಿನ್ಯಾಗ ಇಲ್ಲ."

"ಮತ್ತ?"

"ನಿಂದು ಇಲ್ಲೆ, ಹಿಂದ." ಅಜ್ಜಿಗೆ ತಿಳಿಯಲೆಂದು ಪರದೆಯ ಕೆಳಗಿನ ಭಾಗಕ್ಕೆ ಬೆರಳಿಟ್ಟು, ನಿಧಾನವಾಗಿ ಮೇಲಕ್ಕೆ ಸರಿಸುತ್ತ ಹೋದಳು. ಸಾಲುಗಳು ಒಂದೊಂದಾಗಿ ಜಾರಿದವು. "ಇವರಿಬ್ಬರದು ಇಲ್ಲೆ, ಮುಂದ."

ಹೌಸಾಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ಸಾವಿತ್ರಕ್ಕ. ಇದು ರೂಪಾಲಿತಾಯಿ. ನಡುವ ಯಾರು?"

"ಯಾರೂ ಇಲ್ಲ. ಖಾಲಿ."

"ಖಾಲಿ ಯಾಕ?"

ಇದಕ್ಕಿಂತ ಸರಳವಾದ ಪ್ರಶ್ನೆ ಇರಲಾರದು. ಕರಿಷ್ಮಾ ತಲೆ ಎತ್ತಿ ರೂಪಾಲಿಯನ್ನು ನೋಡಿದಳು, ಆಮೇಲೆ ಸಾವಿತ್ರವ್ವನನ್ನು. ಹುಡುಗಿಗೆ ತಿಳಿದುಹೋಯಿತು. ಮುಖದ ಹುರುಪು ಇಳಿಯಿತು.

"ಹೌಸಾ," ಎಂದಳು ಸಾವಿತ್ರವ್ವ ಕೊನೆಗೆ, ಕಪ್ಪನ್ನು ಮೇಜಿನ ಮೇಲಿಟ್ಟು. "ನಾನ ಅಂದಿದ್ದೆ. ಒಂದ ಸಾಲಿನ್ಯಾಗ ಉಣ್ಣೂದಂದ್ರ ಪಂಗ್ತಿ ಆಗ್ತದ ಅಂತ. ನಮ್ಮ ಕಾಲದ ಬುದ್ಧಿ. ಹುಡುಗೀದೇನ ತಪ್ಪಿಲ್ಲ."

ರೂಪಾಲಿಗೆ ಒಂದು ಕ್ಷಣ ಹಗುರಾಯಿತು. ಅತ್ತೆ ತನ್ನ ಮೇಲೆ ಹಾಕಿಕೊಂಡಳಲ್ಲ. ಹಳೇ ಕಾಲದ ಮುದುಕಿ, ಏನು ಮಾಡುವುದು, ಎಂದು ಎಲ್ಲರೂ ಬಿಟ್ಟುಬಿಡಬಹುದು. ಆ ಹಗುರವೇ ಆಕೆಗೆ ತನ್ನ ಬಗ್ಗೆ ಹೇಸಿಗೆ ಹುಟ್ಟಿಸಿತು.

"ಅತ್ತಿದೊಂದ ಅಲ್ಲ ಮಾವಶಿ," ಎಂದಳು. "ನಾ ನಡುವ ಕುಂದ್ರಬಹುದಿತ್ತು. ಆರಿಸಾಕ ಹೋಗಿದ್ದೆ. ನನಗೂ ಆಗಲಿಲ್ಲ."

"ಏನ ಆಗಲಿಲ್ಲ?"

"ನಿನ್ನ ಬಾಜೂಕ ಕುಂತು ಉಣ್ಣೂದು."

ಹೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ. ಹೌಸಾಬಾಯಿಯ ಮುಖದಲ್ಲಿ ಸಿಟ್ಟು ಬಂದಿದ್ದರೆ ರೂಪಾಲಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ. ಬಂದದ್ದು ನಾಚಿಕೆ. ಮೋಸ ಹೋದವಳು ತಾನೇ ತಪ್ಪು ಮಾಡಿದವಳ ಹಾಗೆ, ಆಕೆ ಬಾಗಿಲಾಚೆ ನಿಂತ ಹೆಂಗಸರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಾ ಎಲ್ಲಾರ ಮುಂದ ನಿಮಗ ಚಪ್ಪಾಳಿ ಹೊಡಿಸೀನಲ್ರಿ," ಎಂದಳು. ರೀ ಮರಳಿ ಬಂದಿತ್ತು. "ಮುಚ್ಚಂಡಿತನಾ ಹೇಳಿ ಬಂದೀನಿ. ಈಗ ಓಣ್ಯಾಗ ಏನಂತ ಹೇಳ್ಲಿ?"

"ಆ ಖಾಲಿ ಸೀಟಿಗೆ ಯಾರಾರೆ ಬರ್ತಾರಲ್ರಿ," ಎಂದಳು ಕರಿಷ್ಮಾ. "ಯಾವ ಊರಾವ್ರೊ, ಯಾವ ದೇಶದವ್ರೊ. ಅವರು ಯಾರು, ಏನು ಅಂತ ನೀವು ಕೇಳ್ತಿದ್ದಿಲ್ಲ. ಅವರ ಬಾಜೂಕ ತುತ್ತು ಇಳೀತಿತ್ತಲ್ರಿ?"

ಸಾವಿತ್ರವ್ವ ಶಾಲನ್ನು ಸರಿಮಾಡಿಕೊಂಡಳು. ಸರಿಯಾಗಿದ್ದ ಶಾಲನ್ನು ಮತ್ತೆ ಸರಿಮಾಡಿಕೊಂಡಳು. ಮೂವತ್ತು ನಲವತ್ತು ವರ್ಷ ಎದುರುಬದುರು ಕೂತು ಹೊಲಿದವಳ ಕಣ್ಣನ್ನು ನೋಡಲು ಆಕೆಗೆ ಆಗುತ್ತಿರಲಿಲ್ಲ.

"ನಾ ಹಿಂದ ಬರ್ತೀನಿ ಮಾವಶಿ," ಎಂದಳು ರೂಪಾಲಿ. "ನಿನ್ನ ಬಾಜೂಕಿನ ಸೀಟಿಗೆ ನಾ ಬರ್ತೀನಿ. ಈಗ ಬದಲಿ ಮಾಡ್ತೀನಿ."

"ಬ್ಯಾಡ್ರಿ. ನೀವು ಇದ್ದಲ್ಲೆ ಇರ್ರಿ."

"ಆಯಿ, ನಡಿ ಮನೀಗೆ," ಎಂದು ಕರಿಷ್ಮಾ ಫೋನು ಚೀಲಕ್ಕೆ ಹಾಕತೊಡಗಿದಳು. "ನೀ ಹೋಗೂದ ಬ್ಯಾಡ. ಅವರ ಹೋಗಲಿ."

ಹೌಸಾಬಾಯಿ ಏಳಲಿಲ್ಲ. ಮೊಮ್ಮಗಳ ಕೈ ಹಿಡಿದು ಫೋನನ್ನು ಮತ್ತೆ ಮೇಜಿನ ಮೇಲೆ ಇಡಿಸಿದಳು. ನಾಚಿಕೆಯಿಂದ ಬಗ್ಗಿದ್ದ ಬೆನ್ನು ನೆಟ್ಟಗಾಗಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾಕ ಹೋಗಬಾರದು? ಕೌದಿಯೊಳಗ ನನ್ನ ಹೊಲಿಗಿ ಅದಾವ. ಟಿಕೆಟ್ಟಿನ ಮ್ಯಾಲ ನನ್ನ ಹೆಸರ ಅದ. ಆ ನಡುವಿಂದು ಖಾಲಿ ಅದ ಅಂದೆಲ್ಲ? ಅಲ್ಲೆ ಹಾಕು ನನ್ನ."

"ಆಯಿ, ಇವರಿಬ್ಬರ ನಡುವ?"

"ಹೂಂ, ಇವರಿಬ್ಬರ ನಡುವನ. ಅಂಜಿಕೀಗೆ ಅಲ್ಲ ಈಗ. ಯಾರ ಕೈನೂ ಹಿಡ್ಯಂಗಿಲ್ಲ ನಾ." ಆಕೆ ಸಾವಿತ್ರವ್ವನ ಕಡೆ ತಿರುಗಿದಳು, ಆಮೇಲೆ ರೂಪಾಲಿಯ ಕಡೆ. ದನಿ ಏರಿರಲಿಲ್ಲ. "ತಾಟು ಬಂದಾಗ ನಾ ಉಣ್ತೀನಿ. ಯಾರಿಗೆ ತುತ್ತು ಇಳ್ಯಂಗಿಲ್ಲೊ ಅವರು ಉಪಾಸ ಇರ್ರಿ. ಒಂಬತ್ತ ತಾಸಿಗೆ ಯಾರೂ ಸಾಯಂಗಿಲ್ಲ."

ಕರಿಷ್ಮಾ ನಡುವಿನ ಹಸಿರು ಚೌಕವನ್ನು ಒತ್ತಿದಳು. ಪರದೆ ತಿರುಗಿತು, ನಿಂತಿತು.

"ಓಟಿಪಿ ಕೇಳತದ," ಎಂದಳು. "ನಿಮ್ಮ ನಂಬರಿಗೆ ಬಂದಿರತದ್ರಿ ಅಕ್ಕಾ. ಹೇಳ್ರಿ."

ರೂಪಾಲಿಯ ಮಡಿಲಲ್ಲಿ ಫೋನು ಅದುರಿತು. ಬಾಗಿಲಾಚೆಯ ಹೆಂಗಸರಲ್ಲಿ ಇಬ್ಬರು ಏನು ನಡೆದಿದೆ ಎಂದು ಒಳಗೆ ಇಣುಕಿದರು. ಆಕೆ ತಲೆ ಬಗ್ಗಿಸಿಕೊಂಡೇ ಅಂಕಿಗಳನ್ನು ಓದಿದಳು.

"ಕೇಳಸವಲ್ದು," ಎಂದಳು ಕರಿಷ್ಮಾ. "ಜೋರ ಹೇಳ್ರಿ."

ರೂಪಾಲಿ ಮೊದಲಿನಿಂದ, ಒಂದೊಂದಾಗಿ, ಹೊರಗಿನವರಿಗೂ ಕೇಳುವ ಹಾಗೆ ಹೇಳಿದಳು.